ಉಂಡ ಮನೆಯ ಜಂತಿ ಎಣಿಸಿದವನ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಧಾರವಾಡ ಸೀಮೆಯ, ನೂರು ವರ್ಷ ದಾಟಿದ ಬೋರ್ಡಿಂಗ್ ಶಾಲೆಯೊಂದು ತನ್ನ ಆವರಣದಲ್ಲಿ ‘ಪರಿಸರಸ್ನೇಹಿ ವಿದ್ಯಾರ್ಥಿ ಕೇಂದ್ರ’ ಕಟ್ಟಲಿದೆಯಂತೆ. ಅದಕ್ಕಾಗಿ ‘ಶಿಥಿಲಗೊಂಡ ಹಳೆಯ ಊಟದ ಮನೆ’ಯನ್ನು ತೆರವು ಮಾಡುತ್ತಾರಂತೆ. ಪಕ್ಕದಲ್ಲಿ ಮಾದರಿಯ ಚಿತ್ರವೂ ಇತ್ತು. ನಾಲ್ಕು ಅಂತಸ್ತು, ಮುಂಭಾಗವಿಡೀ ನೀಲಿ ಗಾಜು, ತಲೆಯ ಮೇಲೆ ಸೌರ ಫಲಕ, ಬುಡದಲ್ಲಿ ಕಂಪ್ಯೂಟರಿನಲ್ಲೇ ಹುಟ್ಟಿ ಕಂಪ್ಯೂಟರಿನಲ್ಲೇ ಬೆಳೆದ ನಾಲ್ಕು ಗಿಡ.

ಸುದ್ದಿಯಲ್ಲಿ ಶಾಲೆಯ ಹೆಸರಿತ್ತು. ನಾನು ಮತ್ತೆ ಅದನ್ನು ಬರೆಯುವುದಿಲ್ಲ. ನನ್ನ ಹೆಸರನ್ನೂ ದಯವಿಟ್ಟು ಹಾಕಬೇಡಿ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ನಾನು ಆ ಊಟದ ಮನೆಯ ಜಂತಿಗಳನ್ನು ಅಕ್ಷರಶಃ ಎಣಿಸಿದವನು. ಒಂದೊಂದು ಇಳಿಜಾರಿಗೆ 48, ಎರಡೂ ಕಡೆ ಸೇರಿ 96. ಐದನೆಯ ಇಯತ್ತೆಯ ಹುಡುಗ ಪಂಕ್ತಿಯಲ್ಲಿ ಕೂತು, ತಾಟಿಗೆ ಸಾರು ಬೀಳುವ ತನಕ ಇನ್ನೇನು ಮಾಡಿಯಾನು? ದಿನಾ ಎಣಿಸುತ್ತಿದ್ದೆ. ಒಂದು ದಿನ 47 ಬಂದರೆ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

1968ರ ಜೂನ್‌ನಲ್ಲಿ ನನ್ನಪ್ಪ ಒಂದು ಟ್ರಂಕು, ಒಂದು ಕೌದಿ, ಅರ್ಧ ಚೀಲ ಜೋಳದ ಜೊತೆ ನನ್ನನ್ನು ಅಲ್ಲಿ ಬಿಟ್ಟುಹೋದ. ನವಲಗುಂದದ ಕಡೆಯ ಎರೆ ಭೂಮಿಯ ಹುಡುಗ ನಾನು. ಮನೆ ಎಂದರೆ ಮಣ್ಣಿನ ಮಾಳಿಗೆ ಅಂತಲೇ ತಿಳಿದಿದ್ದವನಿಗೆ ಆ ಹಂಚಿನ ದೊಡ್ಡ ಹಾಲ್ ಕಂಡು ಬಾಯಿ ಬಿಟ್ಟುಹೋಗಿತ್ತು. ಉದ್ದ 120 ಅಡಿ, ಅಗಲ 30 ಅಡಿ, ಎರಡಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದಿ ಫರಸಿ, ಮೇಲೆ ಮಾಡಿನ ಭಾರ ಹೊರುವ ಸಾಗವಾನಿಯ ಟ್ರಸ್ಸು, ಅದರ ಮೇಲೆ ಮಂಗಳೂರು ಹಂಚು. ಈ ಅಳತೆಗಳನ್ನು ಎಷ್ಟೋ ವರ್ಷಗಳ ಮೇಲೆ ನಾನೇ ಟೇಪು ಹಿಡಿದು ತೆಗೆದದ್ದು.

ಹಂಚಿನ ಬಗ್ಗೆ ಒಂದು ಮಾತು. ಬಿರುಗಾಳಿಗೆ ಜಾರಿಬಿದ್ದ ಹಂಚನ್ನು ತಿರುಗಿಸಿ ನೋಡಿದರೆ ಅದರ ಬೆನ್ನ ಮೇಲೆ ಬಾಸೆಲ್ ಮಿಷನ್ ಎಂಬ ಹೆಸರೂ 1865 ಎಂಬ ಅಂಕಿಯೂ ಅಚ್ಚಾಗಿರುತ್ತಿತ್ತು. ನಮ್ಮ ಊಟದ ಮನೆ 1865ರಲ್ಲಿ ಕಟ್ಟಿದ್ದು ಎಂದು ನಾವೆಲ್ಲ ನಂಬಿದ್ದೆವು. ಪಕ್ಕದ ಶಾಲೆಯ ಹುಡುಗರ ಜೊತೆ ಅದರ ಸಲುವಾಗಿ ಕೈಕೈ ಮಿಲಾಯಿಸಿದ್ದೂ ಉಂಟು. ಅದು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುವಾದ ವರ್ಷ, ನಮ್ಮ ಹಾಲಿನದಲ್ಲ ಎಂಬುದು ಎಂಜಿನಿಯರಿಂಗ್ ಓದುವಾಗ ಗೊತ್ತಾಯಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ ಆ ಕಾರ್ಖಾನೆ ಹಾಕಿದ. ಹೊಡೆದಾಟದಲ್ಲಿ ಹಲ್ಲು ಕಳೆದುಕೊಂಡ ಗೆಳೆಯನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ಊಟ ಮುಗಿದು ಫರಸಿ ತೊಳೆದ ಮೇಲೆ ಆ ಹಾಲಿಗೆ ಇನ್ನೊಂದು ಜೀವ ಬರುತ್ತಿತ್ತು. ಇದ್ದದ್ದು ಮೂರೇ ಬಲ್ಬು. ಅದರ ಕೆಳಗಿನ ಜಾಗ ಮ್ಯಾಟ್ರಿಕ್ಕಿನವರಿಗೆ, ನಮ್ಮಂಥ ಸಣ್ಣವರಿಗೆ ಅಂಚು. ಒಂದು ಮೂಲೆಯಲ್ಲಿ ಓದು, ಇನ್ನೊಂದು ಮೂಲೆಯಲ್ಲಿ ನಾಟಕದ ತಾಲೀಮು, ಶನಿವಾರ ಭಜನೆ, ಮಳೆ ಹತ್ತಿದ ದಿನ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಹಂಚಿನ ಮೇಲಿನ ಸದ್ದು ಕೇಳುವುದು. ಅಡುಗೆಮನೆಯ ಬಾಗಿಲ ಹತ್ತಿರದ ಮೂರನೆಯ ಫರಸಿಯ ಮೇಲೆ ಯಾರೋ ಮೊಳೆಯಿಂದ ಚೌಕಾಬಾರದ ಮನೆ ಕೊರೆದಿದ್ದರು. ನಾವು ಬರುವ ಮೊದಲೇ ಅದು ಇತ್ತು. ಮೊನ್ನೆ ಹೋದಾಗ ಹಳೇ ಬೆಂಚುಗಳ ರಾಶಿ ಸರಿಸಿ ನೋಡಿದೆ, ಇನ್ನೂ ಇದೆ. ವಿದ್ಯಾರ್ಥಿ ಕೇಂದ್ರ ಎಂಬ ಹೆಸರು ನಮಗೆ ಗೊತ್ತಿರಲಿಲ್ಲ. ನಮಗಿದ್ದ ವಿದ್ಯಾರ್ಥಿ ಕೇಂದ್ರ ಅದೇ.

ಹಳೆಯ ಹಾಲಿನಲ್ಲಿ ಈಗ ಯಾರೂ ಉಣ್ಣುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಸ್ಲ್ಯಾಬಿನ ಹೊಸ ಊಟದ ಮನೆ ಬಂತು. ಅಂದಿನಿಂದ ಇದು ಗೋದಾಮು. ಮುರಿದ ಬೆಂಚು, ತುಕ್ಕು ಹಿಡಿದ ಮಂಚ, ಹಳೇ ಉತ್ತರಪತ್ರಿಕೆಯ ಗಂಟು. ಹತ್ತು ವರ್ಷದಿಂದ ಯಾರೂ ಹಂಚು ಕೈಯಾಡಿಸಿಲ್ಲ. ಒಡೆದ ಹಂಚಿನ ಜಾಗದಲ್ಲಿ ಮಳೆ ಬಿದ್ದು ಒಂದೆರಡು ಜಂತಿ ಕಪ್ಪಾಗಿವೆ. ಅಷ್ಟಕ್ಕೆ ‘ಶಿಥಿಲ’ ಎಂಬ ಹಣೆಪಟ್ಟಿ.

ಆ ಹಣೆಪಟ್ಟಿ ಹೇಗೆ ಅಂಟುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಮೂವತ್ತಮೂರು ವರ್ಷ ಸರ್ಕಾರಿ ಎಂಜಿನಿಯರ್ ಆಗಿದ್ದೆ. ತೊಂಬತ್ತರ ದಶಕದ ಆರಂಭ. ಒಂದು ಹಳ್ಳಿಯ ಶಾಲೆ, ನಾಲ್ಕು ಕೋಣೆ, ಹಂಚಿನ ಮಾಡು. ಗೋಡೆ ಗಟ್ಟಿಯಿತ್ತು. ಒಂದೆರಡು ಸಾವಿರ ಹಂಚು, ಹತ್ತಾರು ರೀಪು ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ದುರಸ್ತಿಗೆ ಹಣ ಇರಲಿಲ್ಲ, ಹೊಸ ಕಟ್ಟಡಕ್ಕೆ ಇತ್ತು. ಮಾರ್ಚ್ ಮೂವತ್ತೊಂದರೊಳಗೆ ಖರ್ಚು ಬೀಳಬೇಕಿತ್ತು. ‘ಬಳಕೆಗೆ ಯೋಗ್ಯವಲ್ಲ’ ಎಂದು ಬರೆದು ಸಹಿ ಹಾಕಿದೆ. ಕೆಡವಿದೆವು. ಕೆಡವುವಾಗ ಗೌಂಡಿಯ ಗುದ್ದಲಿ ಎರಡು ಸಲ ಮುರಿಯಿತು. ಹಿರಿಯ ಗೌಂಡಿ ನನ್ನ ಮುಖ ನೋಡಿ, “ಸಾಹೇಬ್ರ, ಇದು ಸಾಯಾಕ ತಯಾರಿಲ್ರಿ,” ಅಂದ. ನಕ್ಕು ಸುಮ್ಮನಾದೆ. ಅದೇ ಪಾಯದ ಮೇಲೆ ಹಾಕಿದ ನನ್ನ ಸ್ಲ್ಯಾಬು ಎಂಟನೇ ವರ್ಷಕ್ಕೆ ಸೋರಿತು. ಹದಿನೆಂಟನೇ ವರ್ಷಕ್ಕೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟಿನ ಹೆಂಟೆ ಕರಿಹಲಗೆಯ ಮುಂದೆ ಬಿತ್ತು. ಭಾನುವಾರ ಆಗಿದ್ದರಿಂದ ಮಕ್ಕಳಿರಲಿಲ್ಲ. ಈಗ ಆ ಕಟ್ಟಡಕ್ಕೂ ‘ಬಳಕೆಗೆ ಯೋಗ್ಯವಲ್ಲ’ ಎಂಬ ಕಾಗದ ಆಗಿದೆ. ನೂರು ವರ್ಷದ್ದನ್ನು ಕೆಡವಿ ನಾನು ಕಟ್ಟಿದ್ದು ಮೂವತ್ತು ವರ್ಷವೂ ಬಾಳಲಿಲ್ಲ. ನನ್ನ ನೌಕರಿಯಲ್ಲಿ ಹಾಕಿದ ಸಹಿಗಳಲ್ಲಿ ನಿದ್ದೆಗೆಡಿಸುವುದು ಅದೊಂದೇ.

ಹಾಗಂತ ಹಳೆಯದೆಲ್ಲ ಹೊನ್ನು ಎಂದು ಹಾಡುವವರ ಗುಂಪಿಗೂ ನಾನು ಸೇರಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಪಾರಂಪರಿಕ ಕಟ್ಟಡ ಎಂದು ಬಾಯಲ್ಲಿ ಹೊಗಳುತ್ತ, ಗೋಡೆಯಲ್ಲಿ ಆಲದ ಸಸಿ ಬೇರು ಬಿಟ್ಟರೂ ಕೀಳದೆ ಕೂತರೆ ಕಟ್ಟಡ ಸೇಡು ತೀರಿಸಿಕೊಳ್ಳುತ್ತದೆ. ನಮ್ಮ ಊಟದ ಮನೆಯೊಳಗೆ ಮಕ್ಕಳನ್ನು ಬಿಡುವ ಮೊದಲು ಕಟ್ಟುನಿಟ್ಟಾಗಿ ಪರೀಕ್ಷೆ ಆಗಲೇಬೇಕು. ಟ್ರಸ್ಸಿನ ತುದಿ ಗೋಡೆಯೊಳಗೆ ಹೊಕ್ಕ ಜಾಗವೇ ಮೊದಲು ಕೊಳೆಯುವುದು, ಅಲ್ಲಿ ಉಳಿಯಿಂದ ಚುಚ್ಚಿ ನೋಡಬೇಕು. ಗೆದ್ದಲಿನ ಮಣ್ಣಿನ ಗೆರೆ ಹುಡುಕಬೇಕು. ಕಬ್ಬಿಣದ ಬೋಲ್ಟು ಸವೆದಿದೆಯೇ ನೋಡಬೇಕು. ಗೋಡೆಯ ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆಗಾಲ ಕಾಯಬೇಕು. ಗಾಜು ಸೀಳಿದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಈ ಪರೀಕ್ಷೆ ಯಾರಾದರೂ ಮಾಡಿದ್ದಾರಾ ಎಂದು ಸಭೆಯಲ್ಲಿ ಕೇಳಿದೆ. ಮಾಡಿಲ್ಲ. ಹಾಗಾದರೆ ಶಿಥಿಲ ಎಂದವರು ಯಾರು?

ಸಭೆ ಎಂದೆನಲ್ಲ, ಅದು ಫೆಬ್ರವರಿಯಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆ. ಬೆಂಗಳೂರಿನಿಂದ ಬಂದ ಯುವ ವಾಸ್ತುಶಿಲ್ಪಿ ಪರದೆಯ ಮೇಲೆ ಕಟ್ಟಡವನ್ನು ಗಿರಗಿರ ತಿರುಗಿಸಿ ತೋರಿಸಿದ. ಚಪ್ಪಾಳೆ ಬಿತ್ತು. ನಾನು ಎದ್ದು, “ತಮ್ಮಾ, ಈ ಗಾಜಿನ ಮುಖ ಯಾವ ದಿಕ್ಕಿಗಿದೆ?” ಎಂದೆ. ಪ್ರಾಮಾಣಿಕ ಹುಡುಗ. ಮೊಬೈಲಿನ ದಿಕ್ಸೂಚಿ ತೆಗೆದು, ಕಿಟಕಿಯ ಹತ್ತಿರ ಹೋಗಿ ನಿಂತು, ತಿರುಗಿ ಬಂದು, “ಪಶ್ಚಿಮಕ್ಕೆ ಸರ್,” ಅಂದ. ಸಭೆಯಲ್ಲಿದ್ದ ರೈತರಿಬ್ಬರು ನಕ್ಕರು. ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲು ಎಲ್ಲಿಂದ ಬಡಿಯುತ್ತದೆ ಎಂದು ಅವರಿಗೆ ಯಾರೂ ಪರದೆ ಹಾಕಿ ತೋರಿಸಬೇಕಿಲ್ಲ. ಚಹಾ ಹೊತ್ತಿನಲ್ಲಿ ಆ ಹುಡುಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ಸರ್, ರಸ್ತೆ ಆ ಕಡೆ ಇದೆ. ರಸ್ತೆಯಿಂದ ಎದ್ದು ಕಾಣಬೇಕು ಅಂದ್ರು,” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿದ್ದನ್ನು ಬರೆದಿದ್ದಾನೆ. ನಾನೂ ಒಂದು ಕಾಲಕ್ಕೆ ಹೇಳಿದ್ದನ್ನು ಬರೆದವನೇ.

ಗಾಜಿನೊಳಗೆ ಹೊಕ್ಕ ಬಿಸಿಲು ಹೊರಗೆ ಬರಲು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರಿನಲ್ಲಿ ಕೂತವರಿಗೆ ಇದು ಗೊತ್ತು. ಅದನ್ನು ತಣ್ಣಗೆ ಮಾಡಲು ಎ.ಸಿ., ಎ.ಸಿ. ನಡೆಸಲು ಕರೆಂಟು, ಕರೆಂಟಿಗೆ ಸೌರ ಫಲಕ. ಕಾಯಿಲೆಯನ್ನೂ ತಾವೇ ತಂದು ಔಷಧವನ್ನೂ ತಾವೇ ಮಾರಿದ ಹಾಗಾಯಿತು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದೆ. ಕಡುಬೇಸಿಗೆಯಲ್ಲೂ ಸಂಜೆಯಾದರೆ ಪಡುವಣದಿಂದ ಗಾಳಿ ಬೀಸುತ್ತದೆ, ರಾತ್ರಿ ತಂಪಾಗುತ್ತದೆ. ಇಂಥ ಊರಿನಲ್ಲಿ ಎ.ಸಿ. ಇಲ್ಲದೆ ಕೂರಲಾಗದ ಕಟ್ಟಡ ಕಟ್ಟಬೇಕೆಂದರೆ ಹಟ ಹಿಡಿದೇ ಕಟ್ಟಬೇಕು.

ಹಳೆಯ ಹಾಲಿನಲ್ಲಿ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತಿತ್ತು? ಎರಡಡಿ ಕಲ್ಲಿನ ಗೋಡೆ ಹೊರಗಿನ ಝಳ ಒಳಗೆ ಮುಟ್ಟಿಸುವಷ್ಟರಲ್ಲಿ ಸಂಜೆಯೇ ಆಗಿಬಿಡುತ್ತಿತ್ತು. ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿನಿಂದ, ನೆತ್ತಿಯ ಕಿಂಡಿಗಳಿಂದ ಹೊರಗೆ. ಮೊಣಕಾಲೆತ್ತರದ ಕಿಟಕಿಗಳಿಂದ ತಂಪು ಗಾಳಿ ಒಳಗೆ. ಕಿಟಕಿ ಅಷ್ಟು ಕೆಳಗೆ ಯಾಕೆ ಇಟ್ಟರು ಎಂದು ನಾನು ಎಂಜಿನಿಯರ್ ಆದ ಮೇಲೂ ಬಹಳ ದಿನ ತಲೆ ಕೆರೆದುಕೊಂಡಿದ್ದೆ. ನೆಲದ ಮೇಲೆ ಕೂತು ಉಣ್ಣುವವರ ಮುಖಕ್ಕೆ ಗಾಳಿ ತಾಗಲಿ ಅಂತ. ಕೂತವನ ಎತ್ತರ ಅಳೆದು ಕಿಟಕಿ ಇಟ್ಟಿದ್ದಾರೆ! ಆ ಗೌಂಡಿಯ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ.

ಹಾಳು ಮಾಡಿದ್ದು ನಾವು. ಎಂಬತ್ತರ ದಶಕದಲ್ಲಿ ಯಾರೋ ಗೋಡೆಯ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಗಿಲಾವು ಮಾಡಿಸಿದರು. ಸುಣ್ಣದ ಗಾರೆಯಾದರೆ ಗೋಡೆಯ ತೇವ ಅದರ ಮೂಲಕ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ತೇವ ಮೇಲೇರಿ, ಸಿಮೆಂಟು ಮುಗಿದ ಗೆರೆಯ ಮೇಲೆ ಉಪ್ಪಾಗಿ ಉಕ್ಕಿದೆ. ಬೆರಳಿಂದ ಒರೆಸಿದರೆ ಬಿಳಿ ಪುಡಿ ಬರುತ್ತದೆ. ಇದನ್ನೇ ಈಗ ಗೋಡೆ ಕೊಳೆತಿದೆ ಎಂದು ತೋರಿಸುತ್ತಿದ್ದಾರೆ. ಆ ಮೂರಡಿ ಸಿಮೆಂಟು ಕಿತ್ತು, ಬೆಲ್ಲದ ನೀರು, ಅಳಲೆಕಾಯಿ ಹಾಕಿ ಕೊಳೆಸಿದ ಸುಣ್ಣದಲ್ಲಿ ಮತ್ತೆ ಗಿಲಾವು ಮಾಡಿದರೆ ಒಂದೆರಡು ಬೇಸಿಗೆಯಲ್ಲಿ ಗೋಡೆ ಒಣಗುತ್ತದೆ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಕಡಿಮೆ ಆಗಿದ್ದಾರೆ, ನಿಜ. ಇಲ್ಲವೇ ಇಲ್ಲ ಎಂಬ ಮಾತು ಸುಳ್ಳು.

ಇನ್ನು ‘ಪರಿಸರಸ್ನೇಹಿ’ ಎಂಬ ಮಾತಿನ ಲೆಕ್ಕ. ಸುಣ್ಣದಕಲ್ಲನ್ನು ಸುಟ್ಟು ಸಿಮೆಂಟ್ ಮಾಡುವಾಗ ಕಲ್ಲಿನೊಳಗಿದ್ದ ಇಂಗಾಲವೇ ಡೈಆಕ್ಸೈಡಾಗಿ ಹೊರಗೆ ಬರುತ್ತದೆ, ಸುಡುವ ಕಲ್ಲಿದ್ದಲಿನದು ಬೇರೆ. ಎರಡೂ ಸೇರಿ ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಹೆಚ್ಚು. ಮೇಲೆ ಉಕ್ಕು, ಗಾಜು, ಅಲ್ಯೂಮಿನಿಯಂ. ಹೊಸ ಕಟ್ಟಡದ ಮೊದಲ ಬಲ್ಬು ಹೊತ್ತುವ ಮೊದಲೇ ಇಷ್ಟು ಹೊಗೆ ಆಕಾಶಕ್ಕೆ ಹೋಗಿರುತ್ತದೆ. ಹಳೆಯ ಹಾಲಿನ ಕಲ್ಲು, ಮರ, ಹಂಚಿನ ಹೊಗೆ ನಮ್ಮ ಮುತ್ತಜ್ಜನ ಕಾಲಕ್ಕೇ ಹೋಗಿ ಆಯಿತು. ಆ ಸಾಲ ತೀರಿದೆ. ತೀರಿದ ಸಾಲದ ಮನೆ ಕೆಡವಿ ಹೊಸ ಸಾಲ ಎತ್ತುವವನಿಗೆ ನಮ್ಮ ಕಡೆ ಏನಂತಾರೆ ಎಂದು ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ.

ಇಷ್ಟೆಲ್ಲ ಮಾತಾಡುವವರು ನಾವು, ಹಲ್ಲು ಬಿದ್ದವರು. ಅಲ್ಲಿ ಇರುವ ಮಕ್ಕಳನ್ನು ಯಾರಾದರೂ ಕೇಳಿದರಾ? ಸಭೆ ಮುಗಿದ ಮೇಲೆ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಕೂತೆ. ಏಳೆಂಟು ಹುಡುಗರು ಬಂದು ಸುತ್ತ ಕೂತರು. ನಿಮಗೊಂದು ಹೊಸ ಕಟ್ಟಡ ಕಟ್ಟುತ್ತಾರಂತೆ, ಅದರಲ್ಲಿ ಏನಿರಬೇಕು ಎಂದು ಕೇಳಿದೆ. ಜಿಮ್ಮು, ಕ್ಯಾಂಟೀನು ಅಂದಾರು ಎಂದುಕೊಂಡಿದ್ದೆ. ಮೊದಲ ಉತ್ತರ ಬಂದದ್ದು, “ಮಳಿಗಾಲದಾಗ ಅರಬಿ ಒಣಗೂದಿಲ್ರಿ ಅಜ್ಜಾರ. ಹಸಿ ಅಂಗಿನ ಹಾಕ್ಕೊಂಡ ಸಾಲಿಗೆ ಹೋಗ್ತೀವಿ.” ಅವನ ಕುತ್ತಿಗೆಯ ಸುತ್ತ ಗಜಕರ್ಣದ ಕಲೆ ಇತ್ತು. ಇನ್ನೊಬ್ಬ, ಹತ್ತು ಗಂಟೆಗೆ ದೀಪ ಆರಿಸುತ್ತಾರೆ, ಹತ್ತನೇ ಇಯತ್ತೆಯವರಿಗೆ ಓದಲು ಜಾಗವಿಲ್ಲ ಎಂದ. ಮೂರನೆಯವನು ಆರನೇ ಇಯತ್ತೆ ಇರಬಹುದು. ಬಹಳ ಹೊತ್ತು ಕಲ್ಲು ಕೆರೆಯುತ್ತ ಕೂತಿದ್ದು ಕೊನೆಗೆ, “ಅವ್ವನ ಜೋಡಿ ಫೋನ್‌ದಾಗ ಮಾತಾಡೂ ಮುಂದ ಹಿಂದ ಯಾರೂ ನಿಂದರಬಾರದ್ರಿ,” ಎಂದ. ಶಾಲೆಯಲ್ಲಿ ವಾರಕ್ಕೊಮ್ಮೆ ಮನೆಗೆ ಫೋನು, ಕಚೇರಿಯ ಮುಂದೆ ಸಾಲು, ಒಬ್ಬೊಬ್ಬರಿಗೆ ಮೂರು ನಿಮಿಷ. ಹಿಂದೆ ನಿಂತವರು ಎಲ್ಲ ಕೇಳಿಸಿಕೊಳ್ಳುತ್ತಾರೆ.

ನನಗೆ ನನ್ನ ಟ್ರಂಕು ನೆನಪಾಯಿತು. ಮೊದಲ ತಿಂಗಳು ರಾತ್ರಿ ಊಟವಾದ ಮೇಲೆ ನಾನು ಜೋಳದ ಚೀಲಗಳ ಹಿಂದೆ ಹೋಗಿ ಕೂರುತ್ತಿದ್ದೆ. ಅಲ್ಲಿ ಯಾರೂ ಬರುತ್ತಿರಲಿಲ್ಲ.

ನಾಲ್ಕು ಅಂತಸ್ತಿನ ನಕ್ಷೆಯನ್ನು ಮತ್ತೆ ತೆಗೆದು ನೋಡಿದೆ. ಬಹುಮಾಧ್ಯಮ ಸಭಾಂಗಣ ಇದೆ, ಸ್ವಾಗತ ಕೌಂಟರ್ ಇದೆ, ಅತಿ ಗಣ್ಯರ ವಿಶ್ರಾಂತಿ ಕೋಣೆ ಇದೆ. ಅರಬಿ ಒಣಗಿಸಲು ಜಾಗವಿಲ್ಲ. ಈಗ ಅಲ್ಲಿ ಎಂಟನೇ ಇಯತ್ತೆಯಿಂದ ಹೆಣ್ಣುಮಕ್ಕಳೂ ಓದುತ್ತಾರೆ, ಸುತ್ತಲ ಊರುಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಸಂಜೆ ಬಸ್ಸು ಬರುವ ತನಕ ಒಂದೂವರೆ ತಾಸು ಗೇಟಿನ ಹತ್ತಿರ ನಿಂತಿರುತ್ತಾರೆ. ಅವರು ಕೂರಲು ಒಂದು ಕಟ್ಟೆ, ಅವರದೇ ಒಂದು ಶೌಚಾಲಯ, ಇದು ನಕ್ಷೆಯಲ್ಲಿ ಹುಡುಕಿದರೂ ಸಿಗಲಿಲ್ಲ. ನಮ್ಮ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳು ಎಂದರೆ ಅಡುಗೆಯ ಅಜ್ಜಿಯಂದಿರು ಮಾತ್ರ, ಆದ್ದರಿಂದ ಹಳೆಯ ಹಾಲೂ ಈ ವಿಷಯದಲ್ಲಿ ತಪ್ಪಿತಸ್ಥನೇ.

ಟೀಕೆ ಮಾಡುವುದು ಸುಲಭ, ಏನು ಮಾಡಬೇಕು ಹೇಳು ಎಂದು ಟ್ರಸ್ಟಿನ ಹಿರಿಯರೊಬ್ಬರು ಕೇಳಿದರು. ಅವರ ಮಾತು ಸರಿ. ಅವತ್ತು ರಾತ್ರಿ ಕೂತು ಬರೆದದ್ದನ್ನು ಇಲ್ಲಿ ಹೇಳುತ್ತೇನೆ.

ಹಳೆಯ ಹಾಲನ್ನೇ ವಿದ್ಯಾರ್ಥಿ ಕೇಂದ್ರ ಮಾಡಿ. ಹಂಚನ್ನು ಇಳಿಸಿ, ತೊಳೆದು, ತಟ್ಟಿ ನೋಡಿ. ಗಟ್ಟಿ ಹಂಚು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಬೊದ್ದು ಸದ್ದು ಕೊಡುತ್ತದೆ. ನನ್ನ ಅಂದಾಜಿಗೆ ಒಟ್ಟು ಏಳು ಸಾವಿರದ ಹತ್ತಿರ ಹಂಚಿವೆ. ಹಳೆಯ ಹಂಚನ್ನೆಲ್ಲ ರಸ್ತೆಯ ಕಡೆಯ ಇಳಿಜಾರಿಗೆ ಹಾಕಿ, ಹೊಸದನ್ನು ಹಿಂದಿನ ಇಳಿಜಾರಿಗೆ ಹಾಕಿದರೆ ರಸ್ತೆಯಿಂದ ಎದ್ದು ಕಾಣುವ ಆಸೆಯೂ ಈಡೇರುತ್ತದೆ. ಅಲ್ಲೊಂದು ಇಲ್ಲೊಂದು ಗಾಜಿನ ಹಂಚು ಕೂರಿಸಿದರೆ ಹಗಲು ದೀಪ ಬೇಡ. ಗಾಜು ಬೇಕೇ ಬೇಕೆಂದರೆ ಅಷ್ಟು ಸಾಕು. ಸೌರ ಫಲಕವನ್ನು ಹಂಚಿನ ಮೇಲೆ ಹೊರಿಸಬೇಡಿ. ಹೊಸ ಊಟದ ಮನೆಯ ಸ್ಲ್ಯಾಬು ಖಾಲಿ ಬಿದ್ದು ಕಾಯುತ್ತಿದೆ, ಅಲ್ಲಿಡಿ. ಒಂದು ಕಿಲೋವ್ಯಾಟಿನ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಓದುವ ದೀಪ, ಫ್ಯಾನುಗಳಿಗೆ ಐದಾರು ಕಿಲೋವ್ಯಾಟ್ ಧಾರಾಳ.

ಮಳೆ ನೀರು. ಮಾಡಿನ ಅಂಚಿಗೆ ತಗಡಿನ ನಾಳಿ ಕಟ್ಟಿದರೆ ನೀರು ಹಿಡಿಯುವ ಜಾಗ ಸುಮಾರು 400 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 700 ಮಿ.ಮೀ. ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿ, ಕಾಲು ಭಾಗ ಸೋರಿತು ಆವಿಯಾಯಿತು ಎಂದು ಕಳೆದರೂ 2 ಲಕ್ಷ 10 ಸಾವಿರ ಲೀಟರ್ ಉಳಿಯುತ್ತದೆ. 240 ಮಕ್ಕಳಿದ್ದಾರೆ. ಕುಡಿಯಲು, ಅಡುಗೆಗೆ ತಲೆಗೆ 10 ಲೀಟರಿನಂತೆ ಹಿಡಿದರೆ 87 ದಿನ. ಮಾರ್ಚ್‌ನಿಂದ ಮೇ ತನಕ ಟ್ಯಾಂಕರ್ ತರಿಸುವ ಶಾಲೆ ಅದು. ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಮಿಕ್ಕದ್ದನ್ನು ಮರಳು, ಇದ್ದಿಲಿನಲ್ಲಿ ಸೋಸಿ ತೊಟ್ಟಿಗಿಳಿಸಿ. ತೊಟ್ಟಿ ತುಂಬಿ ಹೆಚ್ಚಾದದ್ದು ಬಾವಿಗೆ ಹೋಗಲಿ.

ಹೊಸದಾಗಿ ಕಟ್ಟಬೇಕಾದದ್ದು ಒಂದೇ: ಹಾಲಿನ ಹಿಂಬದಿಗೆ, ಪೂರ್ವಕ್ಕೆ, ಹತ್ತಡಿ ಅಗಲದ ಉದ್ದನೆಯ ಪಡಸಾಲೆ. ಅರ್ಧ ಭಾಗದಲ್ಲಿ ಅರಬಿ ಒಣಗಿಸುವ ತಂತಿ, ಮೇಲೆ ಬಿಸಿಲು ಬಿಡುವ ಪಾರದರ್ಶಕ ತಗಡು, ಗೋಡೆಗೆ ಗಾಳಿ ಆಡುವ ಜಾಲಿ. ಇನ್ನರ್ಧದಲ್ಲಿ ಹೆಣ್ಣುಮಕ್ಕಳು ಕೂರುವ ಜಾಗ, ಶೌಚಾಲಯ, ಮತ್ತು ಬಾಗಿಲಿರುವ ಎರಡು ಪುಟ್ಟ ಫೋನಿನ ಗೂಡು. ಗೋಡೆಗೆ ಮಣ್ಣಿನ ಇಟ್ಟಿಗೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ‘ಅಸ್ತ್ರ’ದವರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವುದನ್ನು ಪಳಗಿಸಿ ಕೊಟ್ಟಿದ್ದಾರೆ. ನಮ್ಮ ಆವರಣದ ಮೇಲ್ಗಡೆಯ ಮಸಾರಿ ಮಣ್ಣು ಅದಕ್ಕೆ ಹೊಂದುತ್ತದೆ. ಕೆಳಗಡೆಯ ಎರೆ ಮಣ್ಣು ಹೊಂದದು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. (ನಾಲ್ಕು ಅಂತಸ್ತಿನ ಭಾರವನ್ನು ಆ ಎರೆಯ ಅಂಚಿನ ಮೇಲೆ ಕೂರಿಸಲು ಎಷ್ಟು ಆಳದ ಪಾಯ ಬೇಕು ಎಂಬುದೂ ಎಸ್ಟಿಮೇಟಿನಲ್ಲಿ ಕಾಣಲಿಲ್ಲ.) ಸುಟ್ಟ ಇಟ್ಟಿಗೆಯೇ ಬೇಕೆಂದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದುದ್ದಕ್ಕೂ ಕಟ್ಟಿ ತೋರಿಸಿದ ಹಾಗೆ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟಿ. ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ.

ಒಂದು ಸಲ ತರಬೇತಿಗೆಂದು ನಮ್ಮನ್ನು ಬೆಂಗಳೂರಿನ ಐಐಎಂಗೆ ಕಳಿಸಿದ್ದರು. ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಕಟ್ಟಿದ ಆವರಣ ಅದು, ಬೂದುಕಲ್ಲಿನ ಗೋಡೆ, ಮೇಲೆ ಬಳ್ಳಿ ಹಬ್ಬಿದ ಚಪ್ಪರದಂಥ ಓಣಿಗಳು. ತರಗತಿಯಲ್ಲಿ ಹೇಳಿಕೊಟ್ಟದ್ದು ಒಂದೂ ನೆನಪಿಲ್ಲ. ನೆನಪಿರುವುದು ಓಣಿಗಳೇ. ಒಂದೆಡೆ ಅಗಲ, ಒಂದೆಡೆ ಕಿರಿದು, ಎಲ್ಲೆಂದರಲ್ಲಿ ಕೂರಲು ಕಟ್ಟೆ. ಹುಡುಗರು ಕೋಣೆ ಬಿಟ್ಟು ಅಲ್ಲೇ ಓದುತ್ತ, ಜಗಳಾಡುತ್ತ, ನಿದ್ದೆ ಹೊಡೆಯುತ್ತ ಇದ್ದರು. ನಮ್ಮ ಪಡಸಾಲೆಗೂ ಕಟ್ಟೆ ಬೇಕು. ಕಟ್ಟೆಯ ಎತ್ತರ ಒಂದೂಕಾಲು ಅಡಿ ಮೀರಬಾರದು, ಐದನೇ ಇಯತ್ತೆಯವನ ಕಾಲು ನೆಲಕ್ಕೆ ಮುಟ್ಟಬೇಕು.

ಖರ್ಚಿನ ಮಾತು ಬಂದಾಗ ಒಬ್ಬರು ಅಂದರು, ದುರಸ್ತಿಗೆ ಯಾರು ದೇಣಿಗೆ ಕೊಡುತ್ತಾರೆ, ಹೊಸ ಕಟ್ಟಡವಾದರೆ ಹೆಸರು ಕೆತ್ತಿಸಬಹುದು ಎಂದು. ನಿಜವಾದ ತೊಡಕು ಇದೇ ಎಂದು ನನಗೆ ಅನುಮಾನ. ಹಳೆಯ ಹಾಲಿನ ಬಾಗಿಲ ಬಲಕ್ಕೆ ಒಂದು ಕಲ್ಲಿದೆ, ಬೆಂಚುಗಳ ಹಿಂದೆ ಮುಚ್ಚಿಹೋಗಿದೆ. ಅದರಲ್ಲಿ ಒಬ್ಬರ ಹೆಸರೂ ಇಲ್ಲ, ಊರುಗಳ ಹೆಸರಿವೆ. ಇಂಥ ಊರಿನವರು ಕಲ್ಲು ಹೊರಲು ಇಷ್ಟು ಗಾಡಿ, ಇಂಥ ಊರಿನವರು ಜೋಳ ಇಷ್ಟು ಚೀಲ, ಇಂಥ ಊರಿನವರು ತೊಲೆ ಎರಡು. ಕೊನೆಯ ಸಾಲಿನಲ್ಲಿ ಒಂದು ಊರು ‘ಆಳು ದಿನ 40’ ಕೊಟ್ಟಿದೆ. ಕೊಡಲು ಬೇರೇನೂ ಇಲ್ಲದ ಊರು ಇರಬೇಕು. ಈಗಿನ ದಾನಿಗಳಿಗೆ ಹೆಸರು ಬೇಕೇ ಬೇಕು ಎಂದರೆ ತಪ್ಪೇನಿಲ್ಲ, ಹೊಸ ಹಂಚಿನ ಬೆನ್ನ ಮೇಲೆ ಬರೆಸೋಣ. ನೂರು ವರ್ಷದ ಮೇಲೆ ಬಿರುಗಾಳಿಗೆ ಜಾರಿಬಿದ್ದಾಗ ಯಾವನೋ ಹುಡುಗ ಓದಿಕೊಳ್ಳುತ್ತಾನೆ.

ಪತ್ರ ಉದ್ದವಾಯಿತು, ಕತ್ತರಿ ಆಡಿಸುವುದಾದರೆ ನನ್ನ ಬಾಲ್ಯದ ಭಾಗ ಕತ್ತರಿಸಿ, ಮಳೆ ನೀರಿನ ಲೆಕ್ಕ ಬಿಡಬೇಡಿ. ಟ್ರಸ್ಟಿನವರಲ್ಲಿ ನನ್ನ ಕೋರಿಕೆ ಇಷ್ಟೇ: ಟೆಂಡರ್ ಕರೆಯುವ ಮೊದಲು ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಆ ಹಾಲಿನ ಕೀಲಿ ನನಗೆ ಕೊಡಲಿ. ಸುಣ್ಣದ ಕೆಲಸ ಬಲ್ಲ ಒಬ್ಬ ಗೌಂಡಿ, ಒಬ್ಬ ಬಡಿಗೇರ ನನ್ನ ಜೊತೆ ಬರಲು ಒಪ್ಪಿದ್ದಾರೆ. ಬೆಂಗಳೂರಿನ ಆ ಹುಡುಗನಿಗೂ ಫೋನ್ ಮಾಡಿದ್ದೆ, ತಾನೂ ಬರುತ್ತೇನೆ ಎಂದಿದ್ದಾನೆ. ಉಳಿ, ಟೇಪು, ಟಾರ್ಚು ನನ್ನವೇ ಇವೆ. ಮೊಣಕಾಲು ನೋವಿದೆ, ಏಣಿ ಹಿಡಿಯಲು ಒಬ್ಬರು ಬೇಕಾಗುತ್ತದೆ. 96ರಲ್ಲಿ ಎಷ್ಟು ಜಂತಿ ಗಟ್ಟಿ, ಎಷ್ಟು ಪೊಳ್ಳು ಎಂದು ಒಂದೊಂದಾಗಿ ಚುಚ್ಚಿ ನೋಡಿ ನಿಮಗೇ ಬರೆದು ಕಳಿಸುತ್ತೇನೆ. ಪೊಳ್ಳೇ ಹೆಚ್ಚು ಬಂದರೆ ಅದನ್ನೂ ಬರೆಯುತ್ತೇನೆ.

ಇಂತಿ,
ಒಬ್ಬ ಹಳೆಯ ವಿದ್ಯಾರ್ಥಿ, ನಿವೃತ್ತ ಎಂಜಿನಿಯರ್
ಧಾರವಾಡ